ಹುಸೇನಪ್ಪ ಮಿಸ್ತ್ರಿ ಮತ್ತು ನನ್ನ ನಾನ್ನೂರು ಸಿಸಿ

ಹುಸೇನಪ್ಪ ಮಿಸ್ತ್ರಿ ರಿಪೇರಿ ಮಾಡಿದ ಗಾಡಿಯನ್ನು ಹಾಗೇ ಕೈಗೆ ಕೊಟ್ಟವನಲ್ಲ. ಎಣ್ಣೆ ಮೆತ್ತಿದ ಕೈಯನ್ನು ಹಳೆಯ ಬನಿಯನ್ ತುಂಡಿನಿಂದ ಒರೆಸಿಕೊಂಡು, ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಹಿಂದಿನ ಸೀಟು ಹತ್ತಿ ಕೂರುತ್ತಿದ್ದ. "ನಡೀರಿ" ಅನ್ನುತ್ತಿದ್ದ. ಗಾಡಿಯ ಮಾಲೀಕ ಮುಂದೆ, ಮಿಸ್ತ್ರಿ ಹಿಂದೆ, ಮಲ್ಕಾಜ್‌ಗಿರಿಯ ನಮ್ಮ ಕಾಲೊನಿಗೆ ಒಂದು ಸುತ್ತು. ಆ ಸುತ್ತಿನಲ್ಲಿ ಅವನು ಒಂದು ಮಾತೂ ಆಡುತ್ತಿರಲಿಲ್ಲ. ಎರಡೂ ಕೈ ತೊಡೆಯ ಮೇಲಿಟ್ಟು, ಮೆರವಣಿಗೆಯಲ್ಲಿ ಕುದುರೆ ಏರಿದ ಮದುಮಗನಂತೆ ನೆಟ್ಟಗೆ ಕೂತಿರುತ್ತಿದ್ದ. ಇಳಿದ ಮೇಲೆ ತೀರ್ಪು. ಅದು ಗಾಡಿಯ ಬಗ್ಗೆ ಇರುತ್ತಿರಲಿಲ್ಲ, ಓಡಿಸಿದವನ ಬಗ್ಗೆ ಇರುತ್ತಿತ್ತು.

"ಗಾಡಿ ಚಲೋ ಐತ್ರಿ. ನಿಮ್ಮ ಎಡಗೈ ಕ್ಲಚ್ ಮ್ಯಾಲ ನಿದ್ದಿ ಮಾಡಾಕತ್ತೈತಿ. ಎಬ್ಬಸ್ರಿ ಅದನ್ನ."

ಒಬ್ಬ ದೊಡ್ಡ ಅಧಿಕಾರಿಗೆ ಅವನು ನಡುರಸ್ತೆಯಲ್ಲೇ ಹೇಳಿದ್ದ: "ಗಾಡಿ ಅಚ್ಛೀ ಹೈ ಸಾಬ್. ಆಪ್‌ಕೋ ಸರ್ವೀಸಿಂಗ್ ಹೋನಾ." ಸರ್ವೀಸಿಂಗ್ ಬೇಕಾಗಿರುವುದು ತನಗೆ ಎಂದು ತಿಳಿಯುವ ಹೊತ್ತಿಗೆ ಆ ಅಧಿಕಾರಿ ಮನೆ ಮುಟ್ಟಿದ್ದರು.

ನಾನು ರೈಲ್ವೆಯ ಸ್ಟೋರ್ಸ್ ವಿಭಾಗದಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಓದಿದ್ದು ಮೆಟ್ರಿಕ್, ಊರು ರಾಯಚೂರು. ಮೂವತ್ತು ವರ್ಷ ಕಬ್ಬಿಣದ ಬೋಲ್ಟುಗಳ ಲೆಕ್ಕ ಬರೆದವನಿಗೆ ಮನುಷ್ಯರ ಬಗ್ಗೆ ಬರೆದು ಅಭ್ಯಾಸವಿಲ್ಲ. ಆದರೂ ಹುಸೇನಪ್ಪನ ಬಗ್ಗೆ ನಾನೇ ಬರೆಯಬೇಕು. ಯಾಕೆಂಬುದು ಮುಂದೆ ತಿಳಿಯುತ್ತದೆ, ನನಗೆ ಹೆಮ್ಮೆ ತರುವ ಕಾರಣವೇನಲ್ಲ.

ಅವನು ಲಿಂಗಸುಗೂರು ಕಡೆಯ ಹಳ್ಳಿಯವನು. ಮೊಹರಂ ಹೊತ್ತಿನಲ್ಲಿ ಹುಟ್ಟಿದ್ದಕ್ಕೆ ಹುಸೇನಪ್ಪ ಎಂದು ಹೆಸರಿಟ್ಟಿದ್ದರು. ನಮ್ಮ ಕಡೆ ಅದು ಯಾರಿಗೂ ವಿಚಿತ್ರವಲ್ಲ. ಹೈದರಾಬಾದಿನ ಜನ ಮಾತ್ರ ಅವನ ಹಣೆಯ ವಿಭೂತಿ ನೋಡಿ, ಹೆಸರು ಕೇಳಿ, ತಲೆ ಕೆರೆದುಕೊಳ್ಳುತ್ತಿದ್ದರು. "ತುಮ್ ಇಧರ್‌ಕೇ ಕ್ಯಾ ಉಧರ್‌ಕೇ?" ಎಂದು, ನೀನು ಈ ಕಡೆಯವನೋ ಆ ಕಡೆಯವನೋ ಎಂದು, ಕೇಳಿದವರಿಗೆ ಅವನು "ರಾಯಚೂರ್‌ಕೇ" ಎಂದು ಹೇಳಿ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಿದ್ದ. ನಮ್ಮ ಕಾಲೊನಿಯ ಸಮುದಾಯ ಭವನದ ಪಕ್ಕ, ಸಂಘದ ಖಾಲಿ ಜಾಗದಲ್ಲಿ ಅವನದೊಂದು ತಗಡಿನ ಶೆಡ್ ಇತ್ತು. ನನಗಿಂತ ಹತ್ತು ವರ್ಷ ಚಿಕ್ಕವನು. ನನ್ನನ್ನು ಅಣ್ಣಾರು ಎಂದೂ ನನ್ನ ಹೆಂಡತಿ ಶಾಂತಾಳನ್ನು ವೈನಿ ಎಂದೂ ಕರೆಯುತ್ತಿದ್ದ. ಶಾಂತಾ ಜೋಳದ ರೊಟ್ಟಿ ಬಡಿದ ದಿನ ಎರಡು ರೊಟ್ಟಿ, ಪುಂಡಿಪಲ್ಯ ಶೆಡ್ಡಿಗೆ ಹೋಗುತ್ತಿದ್ದವು. ಪರದೇಶದಲ್ಲಿ ನಮ್ಮ ಮಾತಾಡುವವನು ಸಿಕ್ಕಿದ್ದಾನೆ ಎಂಬ ಸಂತೋಷ ಅವಳಿಗೆ. ಹೈದರಾಬಾದು ರಾಯಚೂರಿಗೆ ಪರದೇಶವೇ ಎಂದು ಕೇಳಬೇಡಿ. ಅವಳಿಗೆ ತೆಲುಗು ಬರುತ್ತಿರಲಿಲ್ಲ.

ಈ ನಗರದಲ್ಲಿ ಮನುಷ್ಯನ ಯೋಗ್ಯತೆ ಅಳೆಯಲು ಒಂದೇ ಒಂದು ಪ್ರಶ್ನೆ ಇದೆ. "ಕಿತ್ನಾ ದೇತಾ?" ಲೀಟರಿಗೆ ಎಷ್ಟು ಕಿಲೋಮೀಟರ್ ಕೊಡುತ್ತದೆ ಎಂದು ಅರ್ಥ. ಮಗ ಏನು ಮಾಡುತ್ತಾನೆ, ಮಗಳನ್ನು ಎಲ್ಲಿಗೆ ಕೊಟ್ಟಿರಿ, ಇವೆಲ್ಲ ಆಮೇಲೆ. ನನ್ನ ನೂರು ಸಿಸಿ ಗಾಡಿ ಎಪ್ಪತ್ತೆರಡು ಕೊಡುತ್ತಿತ್ತು. ಇಡೀ ಆಫೀಸಿನಲ್ಲಿ ಎಪ್ಪತ್ತು ದಾಟಿದವನು ನಾನೊಬ್ಬನೇ. ಬೇರೆ ಯಾವ ವಿಷಯದಲ್ಲೂ ನಾನು ಯಾರನ್ನೂ ದಾಟಿದವನಲ್ಲ, ಹಾಗಾಗಿ ಆ ಎರಡು ಕಿಲೋಮೀಟರಿನ ಮೇಲೆ ನನಗೆ ಬಹಳ ಮಮತೆ.

ಆ ಎಪ್ಪತ್ತೆರಡರ ಗುಟ್ಟು ಇಷ್ಟೆ. ಇಳಿಜಾರು ಕಂಡ ಕೂಡಲೇ ನಾನು ಗೇರನ್ನು ನ್ಯೂಟ್ರಲ್‌ಗೆ ತಂದು, ಚಾವಿ ತಿರುಗಿಸಿ ಎಂಜಿನ್ ಆರಿಸಿಬಿಡುತ್ತಿದ್ದೆ. ಗಾಡಿ ತಾನೇ ಉರುಳಿಕೊಂಡು ಹೋಗುತ್ತಿತ್ತು. ಹೈದರಾಬಾದಿನಲ್ಲಿ ಇಳಿಜಾರಿಗೆ ಬರವಿಲ್ಲ. ಯಾವ ರಸ್ತೆಯಲ್ಲಿ ಎಷ್ಟು ದೂರ ಪುಕ್ಕಟೆ ಉರುಳಬಹುದು ಎಂಬುದು, ಜಹಗೀರುದಾರನಿಗೆ ತನ್ನ ಹೊಲದ ಬದು ಗೊತ್ತಿರುವಂತೆ, ನನಗೆ ಗೊತ್ತಿತ್ತು. ಹಿಂದೆ ಕೂತ ಶಾಂತಾ ಇದನ್ನು ನನ್ನ ಸದ್ಗುಣವೆಂದೇ ತಿಳಿದಿದ್ದಳು. "ನಮ್ಮವ್ರು ಒಂದು ಹನಿ ಪೆಟ್ರೋಲ್ ದಂಡ ಮಾಡಂಗಿಲ್ಲ" ಎಂದು ಬಂಧುಗಳ ಮುಂದೆ ಹೇಳುತ್ತಿದ್ದಳು.

ನನ್ನ ಇನ್ನೊಂದು ಸದ್ಗುಣ ಮುಂದಿನ ಬ್ರೇಕನ್ನು ಮುಟ್ಟದಿರುವುದು. ಮುಂದಿನ ಬ್ರೇಕ್ ಹಿಡಿದವನು ಹ್ಯಾಂಡಲ್ ಮೇಲಿನಿಂದ ಹಾರಿ ಹೋಗುತ್ತಾನೆ ಎಂದು ನಮ್ಮ ಕಾಲದಲ್ಲಿ ಗಾಡಿ ಕಲಿಸಿದವರೆಲ್ಲ ಹೇಳಿಕೊಟ್ಟಿದ್ದರು. ಹಾರಿ ಹೋದವರನ್ನು ಯಾರೂ ನೋಡಿರಲಿಲ್ಲ, ನಂಬಿಕೆಗೆ ಅದೇನು ಅಡ್ಡಿಯಲ್ಲ. ನಾವೆಲ್ಲ ಹಿಂದಿನ ಬ್ರೇಕನ್ನು ಕಾಲಲ್ಲಿ ಒತ್ತಿಯೇ ಬದುಕಿದವರು. ಸಾಲದ್ದಕ್ಕೆ ಮಿಸ್ತ್ರಿಗಳ ಕೈಯಲ್ಲಿ ಮುಂದಿನ ಬ್ರೇಕಿನ ತಂತಿಯನ್ನು ಸಡಿಲ ಮಾಡಿಸಿ ಇಡುತ್ತಿದ್ದೆವು. ಅಪ್ಪಿತಪ್ಪಿ ಬೆರಳು ಬಿದ್ದರೂ ಅದು ಹಿಡಿಯಬಾರದು.

ಮೊದಲ ಸಲ ಈ ಸೇವೆ ಕೇಳಿದಾಗ ಹುಸೇನಪ್ಪ ನನ್ನ ಮುಖವನ್ನೇ ನೋಡಿದ.

"ಅಣ್ಣಾರ, ಮನೀಗೆ ಬಾಗ್ಲಾ ಇಟ್ಟು ಚಿಲಕ ಕಿತ್ತ ಹಾಕು ಅಂದಂಗಾತಲ್ರಿ."

"ಹಿಡದ್ರ ಮುಂದಕ್ಕ ಬೀಳ್ತೀವಲ್ಲೋ."

"ಹಾವಿನ ಕುತ್ತಿಗಿ ಹಿಡದಂಗ ಹಿಡದ್ರ ಬೀಳ್ತೀರಿ. ಆಡಿನ ಮೊಲಿ ಹಿಂಡಿದಂಗ ಹಿಂಡ್ರಿ. ಮದಲ ಮೆಲ್ಲಕ, ಆಮ್ಯಾಲ ಗಟ್ಟಿ. ಅದೂ ಹಾಲು ಕೊಡತೈತಿ, ಇದೂ ನಿಲ್ಲತೈತಿ."

"ನೀ ಸಡ್ಲ ಮಾಡಪಾ."

ಮಾಡಿದ. ಆದರೆ ಪ್ರತಿ ಸಲ ಗಾಡಿ ರಿಪೇರಿಗೆ ಬಿಟ್ಟಾಗಲೂ ಅದನ್ನು ಬಿಗಿ ಮಾಡಿಯೇ ಕೊಡುತ್ತಿದ್ದ, ನಾನು ಮತ್ತೆ ಸಡಿಲ ಮಾಡಿಸುತ್ತಿದ್ದೆ. ಇದು ಹತ್ತೊಂಬತ್ತು ವರ್ಷ ನಡೆಯಿತು. ಇಬ್ಬರಲ್ಲಿ ಒಬ್ಬನೂ ಬೇಸರಪಟ್ಟುಕೊಳ್ಳಲಿಲ್ಲ. ಎಂಜಿನ್ ಆರಿಸುವ ವಿಷಯ ಅವನಿಗೆ ಹಿಂದೆ ಕೂತಾಗಲೇ ಗೊತ್ತಾಗಿತ್ತು. "ಎಂಜಿನ್ ಬಂದ್ ಆತಂದ್ರ ಅದು ಗಾಡಿ ಅಲ್ರಿ, ಗುಡ್ಡದ ಮ್ಯಾಲಿಂದ ಉಳ್ಳಾಕತ್ತಿದ ಗುಂಡು. ಗುಂಡಿನ ಮ್ಯಾಲ ಕುಂತು ಎಪ್ಪತ್ತೆರಡು ಅಂತ ಹೇಳ್ಕೋತ ಹೊಂಟೀರಿ" ಎಂದಿದ್ದ. ನಾನು ಇದನ್ನು ಆಫೀಸಿನಲ್ಲಿ ತಮಾಷೆಯಾಗಿ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಅರವತ್ತಕ್ಕೆ ನಿವೃತ್ತಿಯಾಯಿತು. ನನ್ನ ಜೊತೆ ನಿವೃತ್ತರಾದವರು ಮೊಣಕಾಲಿಗೆ ಪಟ್ಟಿ ಕೊಂಡರು, ತೀರ್ಥಯಾತ್ರೆಗೆ ಟಿಕೆಟು ಕೊಂಡರು. ನಾನು ನಾನ್ನೂರು ಸಿಸಿಯ ಗಾಡಿ ಕೊಂಡೆ. ಕಾರಣ ಹೇಳಲು ನಾಚಿಕೆಯಾಗುತ್ತದೆ. ಮಣಿಕೊಂಡದಲ್ಲಿರುವ ಶಾಂತಾಳ ಅಣ್ಣನ ಮಗ ಮೋಹನ ಒಂದು ಮದುವೆಯಲ್ಲಿ ನನ್ನ ಗಾಡಿ ನೋಡಿ, "ಮಾಮಾ, ಇದು ಇನ್ನೂ ಓಡ್ತದೇನ್ರಿ?" ಎಂದಿದ್ದ. ನಾಲ್ಕು ಜನ ನಕ್ಕರು. ಅಷ್ಟೆ. ಅಷ್ಟಕ್ಕೇ ಅರವತ್ತು ವರ್ಷದ ವಿವೇಕ ಕೈಕೊಟ್ಟಿತು. ಅಂಗಡಿಯಲ್ಲಿ ಮಾರುವ ಹುಡುಗಿ, "ಸರ್, ಮೀ ಪರ್ಸನಾಲಿಟೀಕಿ ಸೂಟ್ ಅವುತುಂದಿ" ಎಂದಳು. ನನ್ನ ಪರ್ಸನಾಲಿಟಿ ಐದಡಿ ಮೂರಂಗುಲ, ಐವತ್ತಾರು ಕಿಲೋ. ಗಾಡಿ ಇನ್ನೂರು ಕಿಲೋ. ಸೂಟ್ ಆಗುತ್ತದೆ ಎಂದು ನನಗೂ ಅನ್ನಿಸಿತು.

ಹುಸೇನಪ್ಪನನ್ನು ಕೇಳದೆ ಕೊಂಡಿದ್ದೆ. ಶೆಡ್ಡಿನ ಮುಂದೆ ತಂದು ನಿಲ್ಲಿಸಿದಾಗ ಅವನು ಗಾಡಿಯ ಸುತ್ತ ಎರಡು ಸಲ ಬಂದ.

"ನೀವು ಇದನ್ನ ಕೊಂಡ್ರೋ, ಇದು ನಿಮ್ಮನ್ನ ಕೊಂಡಿತೋ?"

"ಹೊಟ್ಟಿಕಿಚ್ಚು ಪಡಬ್ಯಾಡ" ಅಂದೆ.

ಅವನು ಎರಡು ಹಳೆಯ ಟೈರು ಎಳೆದು ತಂದ, ಅದರ ಮೇಲೆ ಗೋಣಿಚೀಲ ಹಾಸಿದ. ಆಮೇಲೆ ನನ್ನ ಹೊಚ್ಚ ಹೊಸ ಗಾಡಿಯನ್ನು, ಟ್ಯಾಂಕಿನ ಮೇಲಿನ ಪ್ಲಾಸ್ಟಿಕ್ ಕಾಗದ ಕೂಡ ಕಿತ್ತಿರದ ಗಾಡಿಯನ್ನು, ಮಗುವನ್ನು ಮಲಗಿಸಿದಂತೆ ಮೆಲ್ಲಗೆ ಆ ಗೋಣಿಚೀಲದ ಮೇಲೆ ಮಲಗಿಸಿಬಿಟ್ಟ.

"ಎತ್ರಿ."

"ಏನು ಮಾಡಿದ್ಯೋ?"

"ಏನೂ ಆಗಿಲ್ಲ, ಮಲಗೈತಿ. ಎತ್ರಿ. ಮಲಗಿದ್ದನ್ನ ಎತ್ತಾಕ ಬರಲಾರದಾಂವ ಮ್ಯಾಲ ಕುಂದ್ರಬಾರದು."

ಹ್ಯಾಂಡಲ್ ಹಿಡಿದು ಎಳೆದೆ. ಸೀಟು ಹಿಡಿದು ಎಳೆದೆ. ಸಂಜೆಯ ವಾಕಿಂಗಿಗೆ ಹೊರಟಿದ್ದ ನಿವೃತ್ತ ಸಮಾಜವೆಲ್ಲ ನಿಂತುಕೊಂಡಿತು. ಕಾಲೊನಿ ಸಂಘದ ಸೆಕ್ರೆಟರಿ ನರಸಿಂಹುಲು ಗಾಡಿಯನ್ನೂ ನನ್ನನ್ನೂ ನೋಡಿ, ಅಂಥ ಹೊತ್ತಿನಲ್ಲೂ ಬಿಡದೆ, "ಕಿತ್ನಾ ದೇತಾ?" ಎಂದ. "ಮೂವತ್ತು" ಎಂದೆ ಏದುಸಿರು ಬಿಡುತ್ತ. ಅಲ್ಲಿದ್ದವರ ಮುಖದಲ್ಲಿ ಸಾವಿನ ಮನೆಗೆ ಬಂದವರ ಕಳೆ ಮೂಡಿತು.

ಕೊನೆಗೆ ಹುಸೇನಪ್ಪನೇ ತೋರಿಸಿದ. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಸೀಟಿಗೆ ಸೊಂಟ ಆನಿಸಿ, ಹಿಮ್ಮುಖವಾಗಿ ಹೆಜ್ಜೆಯಿಡುತ್ತ ಎದ್ದು ನಿಂತ. ಗಾಡಿಯೂ ಅವನ ಜೊತೆ ಎದ್ದು ನಿಂತಿತು. "ತೋಳಿಂದ ಅಲ್ರಿ, ಕಾಲಿಂದ. ಸಣ್ಣ ಗಾಡಿ ನಿಮ್ಮ ಮಾತು ಕೇಳ್ತಿತ್ತು. ಇದು ನೀವು ಹೆಂಗ ಹೇಳ್ತೀರಿ ಅನ್ನೋದು ಕೇಳತೈತಿ." ಆಮೇಲೆ ಕರಾರು ಹಾಕಿದ. ಹತ್ತು ಭಾನುವಾರ ಬೆಳಿಗ್ಗೆ ಕಾಲೊನಿಯ ಹಿಂದಿನ ಬಯಲಿನಲ್ಲಿ ಅವನೆದುರು ಮುಂದಿನ ಬ್ರೇಕ್ ಹಿಡಿಯುವುದು ಕಲಿಯಬೇಕು. ಅಲ್ಲಿಯವರೆಗೆ ಹಿಂದೆ ಯಾರನ್ನೂ ಕೂರಿಸಬಾರದು.

ಎರಡು ಭಾನುವಾರ ಹೋದೆ. ಅವನು ನೆಲಕ್ಕೆ ಸುಣ್ಣದ ಗೆರೆ ಎಳೆದು, "ಈ ಗೆರಿಗೆ ನಿಲ್ಲಸ್ರಿ, ಬರೇ ಕೈಯಿಂದ" ಅನ್ನುತ್ತಿದ್ದ. ನಾನು ಗೆರೆ ದಾಟಿ ಹೋಗಿ ನಿಲ್ಲುತ್ತಿದ್ದೆ. ವಾಕಿಂಗಿನವರು ಬೆಂಚಿನ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಮೂರನೆಯ ಭಾನುವಾರ ನನಗೆ ಸೊಂಟ ನೋವು ಬಂತು. ನಾಲ್ಕನೆಯ ಭಾನುವಾರವೂ ಬಂತು. ನನ್ನ ಸೊಂಟ ವಾರ ನೋಡಿಕೊಂಡು ನೋಯುತ್ತಿತ್ತು.

ಆ ಬದಲಿಗೆ ಮುಂದಿನ ಬ್ರೇಕನ್ನು ಸಡಿಲ ಮಾಡಿಕೊಡು ಎಂದು ಕೇಳಿದೆ. "ಇದು ಎಣ್ಣಿ ಬ್ರೇಕ್ರಿ, ಸಡ್ಲ ಆಗಂಗಿಲ್ಲ. ಆಗಂಗಿದ್ರೂ ಮಾಡಂಗಿಲ್ಲ" ಎಂದ. ನನ್ನ ಗಿಡ್ಡ ಕಾಲಿಗೆ ಎಟುಕಲಿ ಎಂದು ಹಿಂದಿನ ಬ್ರೇಕಿನ ಪೆಡಲನ್ನು ಮಾತ್ರ ಒಂದಿಷ್ಟು ಇಳಿಸಿ ಕೊಟ್ಟ. ಅದು ಶನಿವಾರ ಸಂಜೆ. ಶಾಂತಾ ಅವನಿಗೆ ಚಹಾ ತಂದಿದ್ದಳು, ಅವನು ಬ್ರೇಕಿನ ಹತ್ತಿರ ಕೂತಿದ್ದನ್ನು ನೋಡಿದಳು.

ಮರುದಿನ ಭಾನುವಾರ, ಮಣಿಕೊಂಡದಲ್ಲಿ ಮೋಹನನ ಹೊಸ ಫ್ಲ್ಯಾಟಿನ ಗೃಹಪ್ರವೇಶ. ಇದಕ್ಕಿಂತ ಒಳ್ಳೆಯ ಮುಹೂರ್ತ ನನಗೆ ಯಾವುದು? ಶಾಂತಾ ಇಳಕಲ್ ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಹಿಂದೆ ಕೂತಳು. ಕರಾರಿನ ನೆನಪಾಯಿತು. ಕರಾರು ಮಾಡಿಕೊಂಡವನು ಮಿಸ್ತ್ರಿ, ನಾನು ಮಾಲೀಕ, ಎಂದುಕೊಂಡೆ. ರೈಲು ಹಳಿಯ ಮೇಲಿನ ಸೇತುವೆಯ ತುದಿಗೆ ಬಂದಾಗ ಮುಂದೆ ಉದ್ದನೆಯ ಇಳಿಜಾರು ಕಂಡಿತು. ಮೂವತ್ತನ್ನು ಮೂವತ್ತೆರಡಾದರೂ ಮಾಡೋಣ ಎನ್ನಿಸಿತು. ಎರಡೂವರೆ ಲಕ್ಷದ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಚಾವಿ ತಿರುಗಿಸಿದೆ.

ನೂರು ಸಿಸಿಯದು ಉರುಳುತ್ತಿತ್ತು. ಇದು ಧುಮುಕಿತು. ಕೆಳಗೆ ಒಂದು ಆಟೋ ಪ್ರಯಾಣಿಕರನ್ನು ಇಳಿಸಲು ನಿಂತಿತ್ತು. ಕಾಲಿನ ಬ್ರೇಕನ್ನು ಇದ್ದ ಶಕ್ತಿಯೆಲ್ಲ ಹಾಕಿ ಒತ್ತಿದೆ. ಚಕ್ರ ಜಾರದಂತೆ ಕಾಯುವ ಯಂತ್ರವೊಂದು ಈ ಗಾಡಿಗಳಲ್ಲಿ ಇರುತ್ತದಂತೆ. ಚಾವಿ ಆರಿಸಿದರೆ ಅದೂ ಆರುತ್ತದೆ. ಹಿಂದಿನ ಚಕ್ರ ಬಿಗಿದುಕೊಂಡು ಅಡ್ಡಡ್ಡ ಜಾರಿತು. ಮುಂದಿನ ಬ್ರೇಕಿನ ಹಿಡಿ ನನ್ನ ಬೆರಳುಗಳಿಂದ ಎರಡಂಗುಲ ದೂರದಲ್ಲಿತ್ತು. ಮೂವತ್ತು ವರ್ಷದಲ್ಲಿ ಆ ಎರಡು ಭಾನುವಾರ ಬಿಟ್ಟರೆ ಒಮ್ಮೆಯೂ ಅಲ್ಲಿಗೆ ಹೋಗದ ಬೆರಳುಗಳು ಆಗಲೂ ಹೋಗಲಿಲ್ಲ. ಆಟೋಗೆ ಬಡಿಯಲಿಲ್ಲ, ಡಿವೈಡರ್‌ಗೆ ಬಡಿದೆವು. ನನ್ನ ಕುತ್ತಿಗೆಯ ಕೆಳಗಿನ ಎಲುಬು ಬಿರುಕುಬಿಟ್ಟಿತು. ಶಾಂತಾಳ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ರೊಟ್ಟಿ ಬಡಿಯುವ ಕೈ.

ಈಗ ನಾನು ತಪ್ಪೊಪ್ಪಿಕೊಳ್ಳಬೇಕಾದ ಜಾಗಕ್ಕೆ ಬಂದೆ. ನ್ಯಾಯವಾಗಿ ಹೇಳುವುದಾದರೆ ಆ ಸುಳ್ಳನ್ನು ಮೊದಲು ಆಡಿದವನು ನಾನಲ್ಲ. ಆಸ್ಪತ್ರೆಗೆ ಓಡಿಬಂದ ನರಸಿಂಹುಲು, "ಬ್ರೇಕ್ ಫೇಲಾ?" ಎಂದು ಕೇಳಿದ. ಪಕ್ಕದ ಹಾಸಿಗೆಯಿಂದ ಶಾಂತಾ, "ನಿನ್ನೆ ಸಂಜೀಕ ಆ ಹುಸೇನಪ್ಪ ಬ್ರೇಕಿಗೆ ಕೈ ಹಾಕಿದ್ದ. ನಾನ ನೋಡೀನಿ" ಎಂದು ನರಳಿದಳು. ನಾನು ತಲೆಯಾಡಿಸಿದೆ. ಬರೀ ತಲೆಯಾಡಿಸಿದೆ. ಎರಡನೆಯವರು ಕೇಳಿದಾಗ "ಒತ್ತಿದೆ, ಹಿಡೀಲಿಲ್ಲ" ಎಂದೆ. ಮೂರನೆಯವರಿಗೆ, "ಸಡ್ಲ ಮಾಡೋದು ಅವನ ಮೊದಲಿನ ಚಾಳಿ" ಎಂದೂ ಸೇರಿಸಿದೆ. ಸಂಜೆಯ ಹೊತ್ತಿಗೆ ನನಗೇ ಅದು ನಿಜವೆಂದು ತೋರತೊಡಗಿತು. ಹೆಂಡತಿಯ ಕೈ ಮುರಿದದ್ದು ಎರಡು ಕಿಲೋಮೀಟರ್ ಮೈಲೇಜಿಗಾಗಿ ಎಂದು ಅವಳ ಮುಖ ನೋಡಿ ಹೇಳುವ ಗಂಡಸು ಎಲ್ಲಾದರೂ ಇದ್ದರೆ ಅವನಿಗೆ ನನ್ನ ನಮಸ್ಕಾರ.

ಮರುದಿನ ಹುಸೇನಪ್ಪ ಬಂದ. ಗಾಡಿಯನ್ನು ಟ್ರಾಲಿ ಆಟೋದಲ್ಲಿ ಹೇರಿಸಿ ಶೆಡ್ಡಿಗೆ ತಂದಿದ್ದನಂತೆ. ಅವನನ್ನು ಕಂಡದ್ದೇ ಶಾಂತಾ ಎದ್ದು ಕೂತಳು.

"ಯಾವ ಮುಖ ಇಟ್ಕೊಂಡು ಬಂದಿ? ನನ್ನ ಕೈಯಾಗಿನ ರೊಟ್ಟಿ ತಿಂದು ಅದೇ ಕೈ ಮುರಿದ್ಯಲ್ಲೋ. ನಿನ್ನ ಕೈ ಸೇದಿ ಹೋಗಲಿ."

ಅವನು ನನ್ನನ್ನು ನೋಡಿದ. ನಾನು ಗ್ಲೂಕೋಸ್ ಬಾಟಲಿಯನ್ನು ನೋಡಿದೆ. ಆ ಬಾಟಲಿಯಲ್ಲಿ ಅಷ್ಟೊಂದು ನೋಡುವಂಥದ್ದು ಏನಿತ್ತೋ, ಬಹಳ ಹೊತ್ತು ನೋಡಿದೆ.

"ಆರಾಮ ಆಗ್ರಿ ವೈನೀರ" ಎಂದ ಅವನು. ಅವಳನ್ನು ಎಕ್ಸ್‌ರೇಗೆ ಕರೆದುಕೊಂಡು ಹೋಗುವವರೆಗೆ ಬಾಗಿಲ ಹತ್ತಿರ ನಿಂತಿದ್ದ. ಆಮೇಲೆ ಹತ್ತಿರ ಬಂದು ಗಾಡಿಯ ಚಾವಿಯನ್ನು ನನ್ನ ದಿಂಬಿನ ಪಕ್ಕ ಇಟ್ಟ.

"ಅಣ್ಣಾರ, ಚಾವಿ ಬಂದ್ ಇತ್ತು. ಗೇರ್ ನ್ಯೂಟ್ರಲ್‌ದಾಗಿತ್ತು."

ಯಾರೋ ಆಮೇಲೆ ಆರಿಸಿರಬೇಕು ಎಂದು ಹೇಳಲು ನಾನು ಉತ್ತರ ಸಿದ್ಧ ಮಾಡಿಕೊಂಡೆ. ಅವನು ಕೇಳಲಿಲ್ಲ, ಹೋದ.

ಕಾಲೊನಿಯಲ್ಲಿ ಎಂಬತ್ತು ಮನೆ. ಒಂದು ವಾರದಲ್ಲಿ ಎಂಬತ್ತು ಮನೆಗೂ ಬ್ರೇಕಿನ ಕಥೆ ಮುಟ್ಟಿತು. ಗಾಡಿಗಳು ಬೇರೆ ಮಿಸ್ತ್ರಿಗಳ ಹತ್ತಿರ ಹೋದವು. ಸಂಘದವರು ಸಭೆ ಸೇರಿ, ಸಮುದಾಯ ಭವನದ ಪಕ್ಕ ಇಂಥವನು ಇರುವುದು ಅಪಾಯ ಎಂದು ಜಾಗ ಬಿಡಿಸಲು ತೀರ್ಮಾನಿಸಿದರು. ನರಸಿಂಹುಲು ಅವನನ್ನು ಕರೆದು, ನೀನೇನಾದರೂ ಹೇಳುವುದಿದೆಯೇ ಎಂದು ಕೇಳಿದನಂತೆ. "ಅಣ್ಣಾರನ್ನ ಕೇಳ್ರಿ, ಅವ್ರು ಹೇಳಿದ್ರ ನಡೀತೈತಿ" ಎಂದನಂತೆ. ಅಣ್ಣಾರನ್ನು ಕೇಳಿದರು. ಅಣ್ಣಾರು, "ಬಡವ, ಪೊಲೀಸ್ ಕೇಸ್ ಬೇಡ, ಬಿಟ್ಟುಬಿಡಿ" ಎಂದು ದೊಡ್ಡ ಮನಸ್ಸು ಮಾಡಿದರು.

ಅವನು ಶೆಡ್ಡಿನ ತಗಡು ಬಿಚ್ಚಿ ಟೆಂಪೋಗೆ ಹೇರುವ ದಿನ ನಾನು ಕೈಗೆ ಜೋಳಿಗೆ ಕಟ್ಟಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದೆ. ಮರೆಗೆ ಸರಿಯಬೇಕು ಅನ್ನುವಷ್ಟರಲ್ಲಿ ಅವನು ತಲೆಯೆತ್ತಿದ.

"ಭುಜ ಹೆಂಗೈತ್ರಿ ಅಣ್ಣಾರ?"

"ಚಲೋ ಐತಪಾ" ಎಂದೆ.

ಗಾಡಿ ಮಾರಿದೆ. ಶಾಂತಾಳ ಕೈಯೊಳಗೆ ಲೋಹದ ಪಟ್ಟಿ ಕೂರಿಸಿದರು. ಚಪಾತಿ ಲಟ್ಟಿಸುತ್ತಾಳೆ, ರೊಟ್ಟಿ ಬಡಿಯಲಾರಳು. ಪ್ರತಿ ಸಲ ಮಣಿಕಟ್ಟು ನೋವಾದಾಗ ಅವಳು ಹುಸೇನಪ್ಪನನ್ನು ಬೈಯುತ್ತಿದ್ದಳು, ನಾನು ಅಮೃತಾಂಜನ ಹಚ್ಚುತ್ತ ಹ್ಞೂಂಗುಟ್ಟುತ್ತಿದ್ದೆ. ಸುಳ್ಳಿನ ಜೊತೆ ಸಂಸಾರ ಮಾಡುವುದು ಕಷ್ಟವೆಂದು ಹೇಳುತ್ತಾರೆ. ಮೊದಲ ಎರಡು ವರ್ಷ ನನಗೆ ಅಂಥ ಕಷ್ಟವೇನೂ ಆಗಲಿಲ್ಲ.

ಮೂರನೆಯ ವರ್ಷ ಯಾಕೋ ತಡೆಯದಾಯಿತು. ಅವನು ನಾಗಾರಂ ಕಡೆ ಇದ್ದಾನೆ ಎಂದು ಕೇಳಿ ಆಟೋ ಮಾಡಿಕೊಂಡು ಹೋದೆ. ನೀರಿನ ಟ್ಯಾಂಕಿನ ಕೆಳಗೆ ನೀಲಿ ತಾಡಪತ್ರಿ ಕಟ್ಟಿಕೊಂಡು ಕೂತಿದ್ದ. ಮೈ ಇಳಿದಿತ್ತು. ಹಾಲು ಮಾರುವವನ ಮೊಪೆಡ್ ಬಿಚ್ಚಿಟ್ಟಿದ್ದ. ನನ್ನನ್ನು ನೋಡಿ ಪೆಟ್ರೋಲಿನಲ್ಲಿ ಕೈ ತೊಳೆದು, ಒಂದು ಡಬ್ಬಿ ಬೋರಲು ಹಾಕಿ ಕೂರಿಸಿದ. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತನ್ನೆಲ್ಲ ಒಪ್ಪಿಸಿದೆ. ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರೂ ಬಂತು. ಅವನು ಸ್ಪಾರ್ಕ್ ಪ್ಲಗ್ ಉಜ್ಜುತ್ತ ಕೇಳಿದ.

"ಆತೇನ್ರಿ?"

"ಆತು."

"ಇದನ್ನ ಹೇಳಾಕ ಇಷ್ಟು ದೂರ ಬಂದ್ರೇನು? ಇದು ನಂಗ ಗೊತ್ತಿದ್ದ ಮಾತಲ್ರಿ. ಗೊತ್ತಿದ್ದಾಂವಗ ಹೇಳಿದ್ರ ಏನ್ ಬಂತು? ಗೊತ್ತಿಲ್ಲದವ್ರಿಗೆ ಹೇಳ್ರಿ."

ಕ್ಷಮಿಸಿದೆ ಎನ್ನುತ್ತಾನೆ ಎಂದುಕೊಂಡಿದ್ದೆ. ಚಹಾ ಕುಡಿದು ಹಗುರಾಗಿ ಮನೆಗೆ ಹೋಗುವುದು ನನ್ನ ಅಂದಾಜಾಗಿತ್ತು.

"ನಂಗ ಆ ಜಾಗ ಬ್ಯಾಡ" ಎಂದ ಹುಸೇನಪ್ಪ. "ಹೆಸರಷ್ಟ ಬೇಕು. ಇಲ್ಲೀತನ ಬಂದೈತ್ರಿ ಅದು. ಮೊನ್ನಿ ಒಬ್ಬಾಂವ ಗಾಡಿ ಬಿಡಾಕ ಬಂದು, ಬ್ರೇಕ್ ಸಡ್ಲ ಬಿಟ್ಟು ಹೆಣ್ಮಗಳ ಕೈ ಮುರಿಸಿದಾಂವ ನೀನಾ ಅಂತ ಕೇಳಿ ತಿರುಗಿ ಹ್ವಾದ. ಬ್ರೇಕ್ ಹಿಡೀರಿ, ಹಿಡೀರಿ ಅಂತ ಹೇಳಿ ಹೇಳಿ ಸಾಯಾಕ ಬಂದೀನಿ. ನಂಗ ಹಿಂಗ ಅಂದ್ರ ಹೆಂಗ ಹೇಳ್ರಿ."

"ಹೇಳ್ತೀನಿ. ಸಭಾದಾಗ ಎದ್ದು ನಿಂತು ಹೇಳ್ತೀನಿ."

"ಯಾವಾಗ?"

"ಸಂಕ್ರಾಂತಿಗೆ ಎಲ್ಲಾರೂ ಸೇರ್ತಾರ."

"ಹ್ಞೂಂ" ಎಂದ. ನಂಬಿದನೋ ಇಲ್ಲವೋ ತಿಳಿಯಲಿಲ್ಲ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಸಂಕ್ರಾಂತಿಗೆ ರಂಗೋಲಿ ಸ್ಪರ್ಧೆ ಇತ್ತು, ಹೆಂಗಸರ ನಡುವೆ ಇಂಥ ಮಾತು ಚೆನ್ನಾಗಿರುವುದಿಲ್ಲ ಎಂದು ಬಿಟ್ಟೆ. ಯುಗಾದಿಯ ದಿನ ಪಂಚಾಂಗ ಶ್ರವಣ, ವರ್ಷದ ಮೊದಲ ದಿನವೇ ಯಾಕೆ ಎಂದು ಬಿಟ್ಟೆ. ಬೋನಾಲು ಜಾತ್ರೆಗೆ ಡೋಲಿನ ಗದ್ದಲ, ಗಣೇಶನಿಗೆ ಮೈಕು ಕೆಟ್ಟಿತ್ತು. ಬತುಕಮ್ಮ ಹಬ್ಬಕ್ಕೆ ನಾನೇ ಊರಲ್ಲಿರಲಿಲ್ಲ, ಇರದಂತೆ ನೋಡಿಕೊಂಡೆ. ದೀಪಾವಳಿಗೆ ನಾಲ್ಕು ದಿನ ಮುಂಚೆ ರಾಯಚೂರಿನ ಒಬ್ಬ ಪರಿಚಯದವರು ಫೋನಿನಲ್ಲಿ ಬೇರೇನೋ ಮಾತಾಡುತ್ತ, "ನಿಮ್ಮ ಕಡಿ ಇದ್ದನಲ್ರಿ ಹುಸೇನಪ್ಪ, ಹೋಗಿಬಿಟ್ಟ. ಎದಿನೋವು. ಊರಿಗೆ ತಂದು ಮಣ್ಣು ಮಾಡಿದ್ರು" ಎಂದರು.

ಮರುದಿನ ಬೆಳಿಗ್ಗೆ ನಾಷ್ಟಾ ಮಾಡುವಾಗ ಶಾಂತಾಳಿಗೆ ಹೇಳಿದೆ. ಚಾವಿ, ನ್ಯೂಟ್ರಲ್, ಮೂವತ್ತೆರಡು, ಎಲ್ಲ. ಅವಳು ತಟ್ಟೆ ಸರಿಸಿದಳು. ಬೈಯುತ್ತಾಳೆ ಎಂದು ಕಾದೆ. ಮಣಿಕಟ್ಟು ಸವರಿಕೊಂಡು ಕೇಳಿದಳು.

"ಅವತ್ತು ಅವನಿಗೆ ಅಂದೆನಲ್ಲ, ಕೈ ಸೇದಿ ಹೋಗಲಿ ಅಂತ. ಅದನ್ನ ಈಗ ಯಾರಿಗೆ ಅನ್ಲಿ?"

ಆ ದಿನದಿಂದ ಅವಳು ನನ್ನ ಕೈಯಿಂದ ಅಮೃತಾಂಜನ ಹಚ್ಚಿಸಿಕೊಂಡಿಲ್ಲ.

ದೀಪಾವಳಿಯ ಸಭೆಯಲ್ಲಿ ಎದ್ದು ನಿಂತೆ. ಬರುವಷ್ಟು ತೆಲುಗಿನಲ್ಲಿ, ಬಾರದ ಕಡೆ ಹಿಂದಿಯಲ್ಲಿ ಹೇಳಿದೆ. ಸತ್ತ ಮಿಸ್ತ್ರಿಯದು ತಪ್ಪಿಲ್ಲ, ಎಂಜಿನ್ ಆರಿಸಿದವನು ನಾನು, ಬ್ರೇಕ್ ಹಿಡಿಯದವನು ನಾನು, ಸುಳ್ಳು ಹೇಳಿದವನೂ ನಾನೇ. ಈಗ ಉಗಿಯುತ್ತಾರೆ ಎಂದು ತಲೆ ತಗ್ಗಿಸಿ ನಿಂತೆ. ನರಸಿಂಹುಲು ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಮೀ ಮನಸು ಚಾಲಾ ಪೆದ್ದದಿ" ಎಂದ. ನಿಮ್ಮ ಮನಸ್ಸು ಬಹಳ ದೊಡ್ಡದು. ಸತ್ತವನ ಮೇಲೆ ಅಪವಾದ ಉಳಿಯಬಾರದು ಎಂದು ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದು ಮೈಕಿನಲ್ಲಿ ಹೇಳಿದ. ಚಪ್ಪಾಳೆ ಬಿತ್ತು.

ಇಲ್ಲ, ಖಂಡಿತ ಅದಲ್ಲ ಎಂದೆ. ಚಪ್ಪಾಳೆ ಜೋರಾಯಿತು. ಆಗ ಹೆಂಗಸರ ಸಾಲಿನಿಂದ ಶಾಂತಾ ಎದ್ದಳು. ಅವಳಿಗೆ ಈ ಹೊತ್ತಿಗೆ ಒಂದಿಷ್ಟು ತೆಲುಗು ಬರುತ್ತಿತ್ತು. ನಾನು ಹಿಂದೆ ಕೂತಿದ್ದೆ, ಎಂಜಿನ್ ಸದ್ದು ನಿಂತದ್ದು ನನ್ನ ಕಿವಿಯಿಂದಲೇ ಕೇಳಿದ್ದೇನೆ, ಇವರು ಈಗ ಹೇಳುತ್ತಿರುವುದೇ ಖರೆ ಎಂದು ಹೊಲಿಗೆಯ ಗುರುತಿದ್ದ ಕೈ ಎತ್ತಿ ಹೇಳಿದಳು. ನರಸಿಂಹುಲು ಅವಳಿಗೂ ಕೈ ಮುಗಿದ. ಕೈ ಮುರಿದುಕೊಂಡ ತಾಯಿಯೇ ಕ್ಷಮಿಸಿದ ಮೇಲೆ ನಾವು ಯಾರು ಎಂದ. ಆ ವರ್ಷ ನನ್ನನ್ನು ಸಂಘದ ಉಪಾಧ್ಯಕ್ಷನನ್ನಾಗಿ ಮಾಡಿದರು. ಬೇಡ ಎಂದದ್ದನ್ನೂ ನನ್ನ ಗುಣಗಳ ಪಟ್ಟಿಗೆ ಸೇರಿಸಿದರು.

ಸುಳ್ಳು ಹೇಳಲು ನನಗೆ ತಲೆಯಾಡಿಸಿದ್ದಷ್ಟೇ ಸಾಕಾಗಿತ್ತು. ಈಗ ಮನೆ ಮನೆಗೆ ಹೋಗಿ ಬಾಗಿಲು ತಟ್ಟುತ್ತಿದ್ದೇನೆ. ಶಾಂತಾ ಜೊತೆಗೆ ಬರುವುದಿಲ್ಲ, ಸಂಜೆ ಬಂದ ಮೇಲೆ "ಎಷ್ಟು ಮನಿ ಆದ್ವು?" ಎಂದು ಮಾತ್ರ ಕೇಳುತ್ತಾಳೆ. ಇಪ್ಪತ್ತಾರು ಆಗಿವೆ. ಇಪ್ಪತ್ತೈದು ಮನೆಯಲ್ಲಿ ಚಹಾ ಕೊಟ್ಟು ನನ್ನನ್ನು ಹೊಗಳಿ ಕಳಿಸಿದರು.

ಇಪ್ಪತ್ತಾರನೆಯದು ರೈಲ್ವೆ ಗಾರ್ಡ್ ಆಗಿದ್ದ ಸತ್ತಯ್ಯನವರ ಮನೆ. ಮಗಳ ಊರಿನಲ್ಲಿ ಒಂದು ವರ್ಷ ಇದ್ದು ಹೋದ ವಾರವಷ್ಟೇ ಬಂದಿದ್ದರು, ಸಭೆಯ ಸುದ್ದಿಯಾಗಲಿ ಹುಸೇನಪ್ಪ ಸತ್ತದ್ದಾಗಲಿ ಅವರಿಗೆ ಗೊತ್ತಿರಲಿಲ್ಲ. ಇವರೂ ಹೊಗಳಿಯಾರೆಂದು ಹೆದರಿ ನಾನು ಸಾವಿನ ಮಾತೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೇಳಿದೆ. ಕೂತು ಕೊನೆಯವರೆಗೆ ಕೇಳಿದರು. ನಡುವೆ ಒಂದೇ ಪ್ರಶ್ನೆ ಕೇಳಿದರು, ಚಾವಿ ಯಾವ ಜಾಗದಲ್ಲಿ ಆರಿಸಿದಿರಿ ಎಂದು. ಸೇತುವೆಯ ತುದಿಯಲ್ಲಿ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಛೀ" ಎಂದರು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ ಕೈ ಮುಗಿಯೋಣ ಅನ್ನಿಸಿತು.

ಅವರು ಎದ್ದು ಹೊರಗೆ ಹೋದರು. ಅಂಗಳದಲ್ಲಿ ಅವರ ಹಳೆಯ ಸ್ಕೂಟರ್ ನಿಂತಿತ್ತು. ಅದರ ಹ್ಯಾಂಡಲ್ ಹಿಡಿದು ಅಲುಗಾಡಿಸಿದರು.

"ವರ್ಷಗಳಿಂದ ಇದು ಒಂದು ಕಡೆಗೆ ಎಳೆಯುತ್ತದೆ" ಎಂದು ತೆಲುಗಿನಲ್ಲಿ ಹೇಳಿದರು. "ಆ ಮಿಸ್ತ್ರಿಗೆ ತೋರಿಸಬೇಕು ಅಂದುಕೊಂಡೆ, ನಿಮ್ಮ ಮಾತು ಕೇಳಿ ಬೇರೆಯವರ ಹತ್ತಿರ ಹೋದೆ. ಇದರ ದೋಷ ಯಾರ ಕೈಗೂ ಸಿಗಲಿಲ್ಲ. ಈಗ ಅವನೆಲ್ಲಿದ್ದಾನೆ, ಹೇಳಿ. ನಾಳೆಯೇ ತಗೊಂಡು ಹೋಗುತ್ತೇನೆ."